ಕೋಲಾರದ ಮೇಲೊಂದು ಹಾರಾಟ

ಬೆಳಿಗ್ಗೆ ಏಳರ ಬಸ್ಸಿಗೆ ಮೊಮ್ಮಗನ ಜೊತೆ ಕೋಲಾರದಿಂದ ಬೆಂಗಳೂರಿಗೆ ಹೊರಟೆ. ಬ್ಯಾಂಕಿನ ಗುಮಾಸ್ತನಾಗಿ ನಿವೃತ್ತನಾದವನಿಗೆ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಏನು ಕೆಲಸವೆಂದು ಮನೆಯಾಕೆ ನಕ್ಕಿದ್ದಳು. ಕೆಲಸವಿತ್ತು.

ಹದಿಮೂರರ ಈ ಹುಡುಗನಿಗೆ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್ ಎಂದರೆ ಪ್ರಾಣ. ಆದರೆ ಹುಟ್ಟಿನಿಂದಲೇ ಬಲಗೈ ಬೆರಳುಗಳಲ್ಲಿ ಶಕ್ತಿ ಕಡಿಮೆ. ನಾವು ನೋಡಿದ ಜಾಯ್‌ಸ್ಟಿಕ್‌ಗಳೆಲ್ಲ ಬಲಗೈಗೆಂದೇ ಮಾಡಿದವು. ವೇಗ ಹೆಚ್ಚುಕಡಿಮೆ ಮಾಡುವ ಥ್ರಾಟಲ್‌ಗೆ ಇನ್ನೊಂದು ಕೈ ಬೇಕು.

"ನಾವೇ ಮಾಡೋಣ ತಾತಾ. ಸ್ಟಿಕ್ ಎಡಗೈಗೆ, ಥ್ರಾಟಲ್ ಕಾಲಿಗೆ" ಎಂದ. ಎರಡನ್ನೂ ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಸೇರಿಸುವ ಬೋರ್ಡೂ ನಮ್ಮದೇ ಆಗಬೇಕಾಯಿತು.

ನರಸಾಪುರ ಬಂದಾಗ ಅವನು ಕಿಟಕಿಗೆ ಅಂಟಿಕೊಂಡ. ನಾನು ಹೊಲ ನೋಡಿದ್ದ ಕಡೆ ಈಗ ಕಾರ್ಖಾನೆಗಳು. ಐಫೋನ್ ಜೋಡಿಸುವುದೂ ಅಲ್ಲೇ. "ಅಲ್ಲಿ ಫೋನೇ ಮಾಡ್ತಾರೆ, ನಮಗೆ ಒಂದು ಬೋರ್ಡ್ ಮಾಡೋಕಾಗಲ್ವಾ?" ಎಂದ.

ಎಸ್.ಪಿ. ರಸ್ತೆಯಲ್ಲಿ ಎಟಿಮೆಗಾ 32ಯು4 ಎಂಬ ಚಿಪ್ ಇರುವ ಪುಟ್ಟ ಬೋರ್ಡ್, ಪೊಟೆನ್ಷಿಯೋಮೀಟರ್‌ಗಳು, ಗುಂಡಿಗಳು, ತಂತಿ ಕೊಂಡೆವು. ಸ್ಟಿಕ್ ವಾಲಿದಂತೆ ಪೊಟೆನ್ಷಿಯೋಮೀಟರ್ ತಿರುಗಿ ವೋಲ್ಟೇಜ್ ಬದಲಾಗುತ್ತದೆ. ಚಿಪ್ಪು ಅದನ್ನು 0ಯಿಂದ 1023ರವರೆಗಿನ ಸಂಖ್ಯೆಯಾಗಿ ಓದಿ, ತಾನೊಂದು ಜಾಯ್‌ಸ್ಟಿಕ್ ಎಂದು ಕಂಪ್ಯೂಟರಿಗೆ ಹೇಳಿಕೊಳ್ಳುತ್ತದೆ.

ಮನೆಗೆ ಬಂದು, ಚಪಾತಿ ಹಿಟ್ಟಿನ ಉಂಡೆಯನ್ನು ಅವನ ಎಡಗೈಯಲ್ಲಿ ಹಿಂಡಿಸಿದೆ. ಆ ಗುರುತು ನೋಡಿ ನಮ್ಮ ಬೀದಿಯ ಬಡಗಿ ಮರದ ಹಿಡಿ ಕೆತ್ತಿಕೊಟ್ಟ.

ಗುಂಡಿಗಳು ಹದಿನಾರು. ಒಂದೊಂದಕ್ಕೂ ಬೇರೆ ತಂತಿ ಎಳೆದರೆ ಆ ಪುಟ್ಟ ಬೋರ್ಡಿನಲ್ಲಿ ಜಾಗ ಸಾಲದು. ನಾಲ್ಕು ಅಡ್ಡಸಾಲು, ನಾಲ್ಕು ಉದ್ದಸಾಲು ಮಾಡಿದರೆ ಎಂಟೇ ತಂತಿ ಸಾಕು. ಲೆಡ್ಜರಿನಂತೆಯೇ, ಸಾಲು ಮತ್ತು ಕಾಲಂ ತಿಳಿದರೆ ಮನೆ ತಿಳಿಯಿತು.

ಮೊದಲ ದಿನವೇ ತೊಂದರೆ. ಮೂರು ಗುಂಡಿ ಒಟ್ಟಿಗೆ ಒತ್ತಿದರೆ, ಕೆಲವು ಸಲ ಯಾರೂ ಮುಟ್ಟದ ನಾಲ್ಕನೆಯದೂ ಒತ್ತಿದಂತೆ ತೋರುತ್ತಿತ್ತು. ಹುಡುಗ ಸ್ಟಿಕ್ ಪಕ್ಕಕ್ಕಿಟ್ಟು, "ನನ್ನ ಕೈಯೇ ಸರಿಯಿಲ್ಲ ತಾತಾ" ಎಂದ. ಎರಡು ದಿನ ಅದರ ಹತ್ತಿರ ಬರಲಿಲ್ಲ.

ವೋಚರ್ ಇಲ್ಲದ ಎಂಟ್ರಿಯನ್ನು ಹುಡುಕುವುದು ನನಗೆ ಹಳೆಯ ಅಭ್ಯಾಸ. ಹದಿನಾರು ಮನೆ ಬರೆದು ಕೆಂಪು ಶಾಯಿಯಲ್ಲಿ ದಾರಿ ಎಳೆಯುತ್ತ ಹೋದೆ. ಒತ್ತಿದ ಮೂರು ಗುಂಡಿಗಳು ಚೌಕದ ಮೂರು ಮೂಲೆಗಳಾದರೆ, ಅವುಗಳ ಮೂಲಕವೇ ಕರೆಂಟು ಹಿಮ್ಮುಖವಾಗಿ ಸುತ್ತಿ ಬಂದು ನಾಲ್ಕನೆಯ ಮೂಲೆಯ ಲೆಕ್ಕ ಕೊಡುತ್ತಿತ್ತು. ಪ್ರತಿ ಗುಂಡಿಗೂ ಒಂದು ಡಯೋಡ್ ಹಾಕಿದರೆ ಕರೆಂಟಿಗೆ ಒಂದೇ ದಿಕ್ಕು. ಅವನನ್ನು ಕೂರಿಸಿ ತೋರಿಸಿದೆ: "ನೋಡು, ತಪ್ಪು ಕೈದಲ್ಲ, ತಂತಿದು." ಹಾಳೆಯನ್ನು ತುಂಬ ಹೊತ್ತು ನೋಡಿದ. ಮರುದಿನ ಹದಿನಾರು ಡಯೋಡನ್ನೂ ಎಡಗೈಯಿಂದ ತಾನೇ ಬೆಸೆದ. ಅಲುಗದಂತೆ ಹಿಡಿದುಕೊಳ್ಳುವುದಷ್ಟೇ ನನ್ನ ಕೆಲಸ.

ಆಮೇಲೆ ಕಿಕ್ಯಾಡ್ ಎಂಬ ಉಚಿತ ತಂತ್ರಾಂಶದಲ್ಲಿ ನಕ್ಷೆ ಬಿಡಿಸಿ ಅಚ್ಚುಕಟ್ಟಾದ ಬೋರ್ಡ್ ಮಾಡಿಸಿದೆವು. ಬೆಸೆಯುವ ಜಾಗಗಳ ಮೇಲೆ ಚಿನ್ನದ ತೆಳುಲೇಪವಿತ್ತು, ಕೆಳಗಿನ ತಾಮ್ರ ಕಿಲುಬು ಹಿಡಿಯದಿರಲೆಂದು. ಚಿನ್ನದ ನಾಡಿನವರಾದ ನಮಗೆ ಅಷ್ಟು ಚಿನ್ನ ಸಾಕೆನಿಸಿತು!

ಮೊದಲ ಹಾರಾಟ ದೇವನಹಳ್ಳಿಯಿಂದ ಕೋಲಾರಕ್ಕೆ. ಬಸ್ಸಿನಲ್ಲಿ ಎರಡು ಗಂಟೆ ಹಿಡಿಯುವ ಊರು ಕಾಲು ಗಂಟೆಯಲ್ಲೇ ಬಂತು. ಶತಶೃಂಗ ಬೆಟ್ಟದ ಬಂಡೆಗಳು, ಅಂತರಗಂಗೆಯ ಕಡೆ, ಕೋಲಾರಮ್ಮನ ಕೆರೆ. ಮುಂದೆ ಕೆಜಿಎಫ್‌ನ ಸೈನೈಡ್ ದಿಬ್ಬಗಳು. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದಿದ್ದ ಗಣಿಗಳವು, 2001ರಲ್ಲಿ ಮುಚ್ಚಿದವು. ನಾನು ವರ್ಷಗಟ್ಟಲೆ ಕೆಲಸಕ್ಕೆ ಓಡಾಡಿದ ದಾರಿಯನ್ನು ಮೊಮ್ಮಗ ಮೇಲಿನಿಂದ ತೋರಿಸಿದ.

"ಈಗ ನೀನು ಹಿಡಿ ತಾತಾ" ಎಂದ.

ಹಿಡಿದೆ. ಆ ಹಿಡಿ ನನ್ನ ಬಲಗೈಗೆ ಕೂರಲೇ ಇಲ್ಲ. ವಿಮಾನ ಒಂದು ಕಡೆ ವಾಲಿತು, ಅವನು ನಕ್ಕ. ಇಷ್ಟು ವರ್ಷ ಎಷ್ಟೋ ವಸ್ತು ಅವನ ಕೈಗೆ ಹೀಗೆಯೇ ಇದ್ದಿರಬೇಕು ಎಂದುಕೊಂಡೆ. ಸ್ಟಿಕ್ ಅವನಿಗೇ ಕೊಟ್ಟೆ.