ನಂದಿಯ ಎದುರು ನಿಂತ ತೂಕ

ಚಾಮುಂಡಿ ಬೆಟ್ಟದ ಮೆಟ್ಟಿಲು ಎಷ್ಟು ಎಂದು ಮೈಸೂರಿನಲ್ಲಿ ಯಾರನ್ನು ಕೇಳಿದರೂ ಒಂದೊಂದು ಲೆಕ್ಕ ಹೇಳುತ್ತಾರೆ. ಸಾವಿರ ಎನ್ನುವವರುಂಟು, ಸಾವಿರದ ಎಂಟು ಎನ್ನುವವರುಂಟು. ನಾನೇ ಮೂರು ಸಲ ಎಣಿಸಿದೆ, ಮೂರು ಸಲವೂ ಬೇರೆ ಬೇರೆ ಸಂಖ್ಯೆ ಬಂತು. ಮೂವತ್ತು ವರ್ಷ ಮಕ್ಕಳಿಗೆ ‘ಅಳತೆ ಸರಿಯಾಗಿ ತೆಗೆಯಿರಿ’ ಎಂದು ಗದರಿಸಿದ ವಿಜ್ಞಾನದ ಮೇಷ್ಟ್ರು ಇದನ್ನು ಬರೆಯಲು ಸ್ವಲ್ಪ ನಾಚಬೇಕು. ಏಳುನೂರರ ಹತ್ತಿರ ನಂದಿ ಸಿಗುತ್ತಾನೆ ಎಂಬುದರಲ್ಲಿ ಮಾತ್ರ ಯಾರಿಗೂ ತಕರಾರಿಲ್ಲ.

ಕಳೆದ ಜೂನ್‌ನಲ್ಲಿ ಶಾಲೆ ತೆರೆದ ವಾರ ನಾನು ಬೆಟ್ಟ ಹತ್ತಲು ಶುರು ಮಾಡಿದೆ. ಭಕ್ತಿಯಿಂದಲ್ಲ, ಭಯದಿಂದ. ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆಯಲ್ಲಿ 6.3 ಬಂದಿತ್ತು. 6.5 ಮುಟ್ಟಿದರೆ ಮಧುಮೇಹ. ನಮ್ಮ ತಂದೆಗೆ ಈ ಕಾಯಿಲೆ ಇಪ್ಪತ್ತು ವರ್ಷ ಇತ್ತು. ಪ್ರತಿ ಆಷಾಢ ಶುಕ್ರವಾರ ಬರಿಗಾಲಲ್ಲಿ ಈ ಮೆಟ್ಟಿಲು ಹತ್ತುತ್ತಿದ್ದವರು, ಒಂದು ವರ್ಷ ಕಾಲಿಗಾದ ಸಣ್ಣ ಗಾಯ ಮಾಯದೆ ಎರಡು ಬೆರಳು ತೆಗೆಸಬೇಕಾಯಿತು. ಆಮೇಲಿನ ಆಷಾಢಗಳಲ್ಲಿ ಅವರನ್ನು ಆಟೋದಲ್ಲಿ ಪಾದದವರೆಗೆ ಕರೆತರುತ್ತಿದ್ದೆ. ಮೊದಲ ಮೆಟ್ಟಿಲಿಗೆ ಅರಿಸಿನ ಕುಂಕುಮ ಹಚ್ಚಿ, ಅಲ್ಲೇ ಪಕ್ಕದಲ್ಲಿ ಕುಳಿತು ಹತ್ತುವವರನ್ನು ನೋಡುತ್ತಿದ್ದರು. ‘ನೀನು ಹೋಗಿ ಬಾ, ನಾನು ಇಲ್ಲೇ ಇರ್ತೀನಿ’ ಎನ್ನುತ್ತಿದ್ದರು. ನಾನು ಹೋಗುತ್ತಿರಲಿಲ್ಲ. ಅವರ ಜೊತೆ ಕೂರುವುದೇ ಕರ್ತವ್ಯ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದರಲ್ಲಿ ಸೋಮಾರಿತನ ಎಷ್ಟಿತ್ತೋ ಚಾಮುಂಡಿಗೇ ಗೊತ್ತು.

ಜೂನ್‌ನಲ್ಲಿ ನನ್ನ ತೂಕ 92 ಕಿಲೋ. ದೀಪಾವಳಿಯ ಹೊತ್ತಿಗೆ 84. ಮನೆಯಲ್ಲಿ ಪ್ಯಾಂಟುಗಳನ್ನು ಟೈಲರ್ ಬಳಿ ಕಳಿಸಿದ್ದಾಯಿತು, ಸ್ಟಾಫ್ ರೂಮಿನಲ್ಲಿ ಅಭಿನಂದನೆಯೂ ಆಯಿತು. ಅಲ್ಲಿಗೆ ತಕ್ಕಡಿಯ ಮುಳ್ಳು ನಿಂತಿತು. ನವೆಂಬರ್ ಕಳೆಯಿತು, ಡಿಸೆಂಬರ್ ಕಳೆಯಿತು, ಸಂಕ್ರಾಂತಿ ಬಂತು. ಹನ್ನೊಂದು ವಾರ ಅದೇ 84. ವಾರಕ್ಕೆ ಐದು ದಿನ ಬೆಟ್ಟ, ರಾತ್ರಿ ಅನ್ನ ಬಿಟ್ಟು ಚಪಾತಿ, ಕಾಫಿಗೆ ಸಕ್ಕರೆ ಇಲ್ಲ. ಆದರೂ ನೂರು ಗ್ರಾಂ ಕದಲಲಿಲ್ಲ.

ವೈದ್ಯರ ಬಳಿ ಹೋದೆ. ‘ಮೇಷ್ಟ್ರೇ, ನಿಮಗೆ ಪ್ಲೇಟೋ ಬಂದಿದೆ’ ಎಂದರು. ಎರಡು ಸಾವಿರದ ನಾನೂರು ವರ್ಷದ ಹಿಂದಿನ ಗ್ರೀಕ್ ತತ್ವಜ್ಞಾನಿ ನನ್ನ ಹೊಟ್ಟೆಯ ಮೇಲೆ ಏಕೆ ಬಂದು ಕುಳಿತ ಎಂದು ಒಂದು ಕ್ಷಣ ತಬ್ಬಿಬ್ಬಾದೆ. ಅವರು ಹೇಳಿದ್ದು ನಾವು ಭೂಗೋಳದಲ್ಲಿ ಪ್ರಸ್ಥಭೂಮಿ ಎಂದು ಕಲಿಸುವ ಪದವನ್ನು. ಏರಿ ಬಂದ ಮೇಲೆ ಸಮತಟ್ಟು. ನನ್ನದು ಇಳಿದು ಬಂದ ಮೇಲಿನ ಸಮತಟ್ಟು, ಅಷ್ಟೇ ವ್ಯತ್ಯಾಸ.

ಮರುದಿನ ಮೆಟ್ಟಿಲು ಹತ್ತುವಾಗ ಅದೇ ಪದ ತಲೆಯಲ್ಲಿತ್ತು. ಮೈಸೂರು ಕುಳಿತಿರುವುದೇ ಪ್ರಸ್ಥಭೂಮಿಯ ಮೇಲೆ, ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿ. ಬೆಟ್ಟದ ತುದಿ ಸಾವಿರದ ಅರವತ್ತರ ಹತ್ತಿರ. ಸುತ್ತಲಿನ ನೈಸ್ ಶಿಲೆ ಮುನ್ನೂರು ಕೋಟಿ ವರ್ಷದಷ್ಟು ಹಳೆಯದು. ನಾವು ಕಾಲಿಡುವ ಚಾಮುಂಡಿ ಗ್ರಾನೈಟ್ ಅದರೊಳಗೆ ನುಗ್ಗಿ ಗಟ್ಟಿಯಾದದ್ದು ಸುಮಾರು ಎಂಬತ್ತು ಕೋಟಿ ವರ್ಷದ ಹಿಂದೆ. ಸುತ್ತಲಿನದು ಮಳೆಗಾಳಿಗೆ ಸವೆದು ಹೋಯಿತು, ಇದು ನಿಂತಿತು. ಹಾಗೆಂದು ಬೆಟ್ಟ ಅಲುಗಾಡುವುದೇ ಇಲ್ಲ ಎಂದಲ್ಲ. 2021ರ ಅಕ್ಟೋಬರ್ ಮಳೆಗೆ ನಂದಿಯ ಕಡೆಗೆ ಹೋಗುವ ರಸ್ತೆಯೇ ಕುಸಿದಿತ್ತು.

ಬೆಳಕು ಹರಿದ ಮೇಲೆಯೇ ಹತ್ತುವುದು ನನ್ನ ಅಭ್ಯಾಸ. ಚಿರತೆಯ ಸುದ್ದಿ ಆಗಾಗ ಬರುತ್ತಿರುತ್ತದೆ. ಕೆಳಗಿನ ಮುನ್ನೂರು ಮೆಟ್ಟಿಲು ಎದೆಗೇ ಬರುತ್ತವೆ. ಅಲ್ಲಿ ಯಾರೂ ಮಾತಾಡುವುದಿಲ್ಲ. ಹರಕೆ ಹೊತ್ತ ಹೆಣ್ಣುಮಕ್ಕಳು ಮಾತ್ರ ಸೊಂಟ ಬಗ್ಗಿಸಿಕೊಂಡು ಒಂದೊಂದು ಮೆಟ್ಟಿಲಿಗೂ ಅರಿಸಿನ ಕುಂಕುಮ ಇಡುತ್ತ ನಮಗಿಂತ ಮುಂದೆ ಹೋಗುತ್ತಿರುತ್ತಾರೆ. ನಡುವೆ ತಿರುಗಿ ನೋಡಿದರೆ ಮಂಜಿನಲ್ಲಿ ಮೊದಲು ಕಾಣುವುದು ಲಲಿತಮಹಲಿನ ಬಿಳುಪು, ಆಮೇಲೆ ಕಾರಂಜಿ ಕೆರೆ, ಅರಮನೆ, ಫಿಲೋಮಿನಾ ಚರ್ಚಿನ ಜೋಡಿ ಗೋಪುರ. ಕೋತಿಗಳ ಕಣ್ಣು ನಮ್ಮ ಕೈಚೀಲದ ಮೇಲೆ.

ನಂದಿಯ ಬಳಿ ಎಲ್ಲರೂ ಕೂರುತ್ತಾರೆ. ಮೆಟ್ಟಿಲನ್ನೂ ಈ ಏಕಶಿಲೆಯ ನಂದಿಯನ್ನೂ ಮಾಡಿಸಿದವರು ದೊಡ್ಡ ದೇವರಾಜ ಒಡೆಯರು. ಅವರ ಆಳ್ವಿಕೆ 1659ರಿಂದ 1673. ಹದಿನೈದು ಅಡಿಗೂ ಮಿಕ್ಕ ಎತ್ತರ, ಎಣ್ಣೆ ಕುಡಿದು ಕರಿಯಾದ ಮೈ, ಕೊರಳಲ್ಲಿ ಗೆಜ್ಜೆಯ ಸರ. ಇಷ್ಟು ತುಂಬಿದ ಮೈಯನ್ನು ಇಷ್ಟು ಚಂದವಾಗಿ ಹೊತ್ತವನು ಇನ್ನೊಬ್ಬನಿಲ್ಲ ಎಂದು ಅವನ ಎದುರು ಕುಳಿತಾಗಲೆಲ್ಲ ಅನ್ನಿಸುತ್ತದೆ.

ಅಲ್ಲಿ ಕುಳಿತೇ ಒಂದು ದಿನ ಲೆಕ್ಕ ಹಾಕಿದೆ. ಒಂಬತ್ತನೇ ತರಗತಿಯ ಲೆಕ್ಕ: ರಾಶಿ, ಗುರುತ್ವ, ಎತ್ತರ ಮೂರನ್ನೂ ಗುಣಿಸು. ಎತ್ತರ 250 ಮೀಟರ್ ಎಂದಿಟ್ಟುಕೊಂಡೆ. 84 ಕಿಲೋ ದೇಹವನ್ನು ಅಷ್ಟು ಮೇಲೆತ್ತಲು ಬೇಕಾದ ಕೆಲಸ 2,05,800 ಜೂಲ್, ಅಂದರೆ ಬರೀ 49 ಕಿಲೋಕ್ಯಾಲರಿ. ಸ್ನಾಯು ತಾನು ಉರಿಸಿದ್ದರಲ್ಲಿ ಸುಮಾರು ಕಾಲುಪಾಲನ್ನು ಮಾತ್ರ ಕೆಲಸಕ್ಕೆ ಕೊಟ್ಟು ಉಳಿದದ್ದನ್ನು ಶಾಖವಾಗಿ ಕಳೆಯುತ್ತದೆ. ಹಾಗಾಗಿ ನಾಲ್ಕರಿಂದ ಗುಣಿಸಿದರೆ 196. 92 ಕಿಲೋ ಇದ್ದಾಗ ಅದೇ ಬೆಟ್ಟಕ್ಕೆ 215 ಖರ್ಚಾಗುತ್ತಿತ್ತು. ತೂಕ ಇಳಿದಂತೆ ಬೆಟ್ಟವೂ ಅಗ್ಗವಾಗಿತ್ತು! ಬೆಟ್ಟವೊಂದೇ ಅಲ್ಲ, ಕೂತರೂ ಮಲಗಿದರೂ ಸಣ್ಣ ದೇಹಕ್ಕೆ ಕಡಿಮೆ ಸೌದೆ ಸಾಕು.

ಅದರ ಮೇಲೆ ದೇಹದ ಜಿಪುಣತನವೂ ಸೇರುತ್ತದೆ. 1944ರ ನವೆಂಬರ್‌ನಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಸ್ವಯಂಸೇವಕರನ್ನು ಪ್ರಯೋಗಕ್ಕೆ ಸೇರಿಸಿಕೊಂಡು, ಆಮೇಲೆ ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟ. ಯುದ್ಧದಲ್ಲಿ ಹಸಿದವರಿಗೆ ಮತ್ತೆ ಉಣಿಸುವುದು ಹೇಗೆಂದು ತಿಳಿಯಲು. ತೂಕ ಕಾಲುಭಾಗದಷ್ಟು ಇಳಿಯಿತು. ಜೊತೆಗೆ ಎದೆಬಡಿತ ನಿಧಾನವಾಯಿತು, ಮೈ ತಣ್ಣಗಾಯಿತು, ಹುಡುಗರು ಅನಗತ್ಯವಾಗಿ ಕೈಕಾಲು ಆಡಿಸುವುದನ್ನೇ ಬಿಟ್ಟರು. ನನ್ನದು ಅಂಥ ಉಪವಾಸವಲ್ಲ. ಆದರೆ ಭಾನುವಾರ ಬೆಟ್ಟದಿಂದ ಬಂದವನು ‘ಇವತ್ತಿನದು ಮುಗಿಯಿತು’ ಎಂದು ಸಂಜೆಯವರೆಗೆ ಈಸಿಚೇರಿನಲ್ಲಿ ಬಿದ್ದಿರುತ್ತಿದ್ದುದು ನೆನಪಾಯಿತು. ಗಿರಣಿಗೆ ಹೋಗಲೂ ಸ್ಕೂಟರ್.

ಸಂಕ್ರಾಂತಿಯ ಮಾರನೆಯ ದಿನ ಒಂದು ಲ್ಯಾಬ್ ರೆಕಾರ್ಡ್ ಪುಸ್ತಕ ತೆಗೆದೆ. ಬಾಯಿಗೆ ಹೋದದ್ದನ್ನೆಲ್ಲ ಹದಿನೈದು ದಿನ ಬರೆಯುವುದು, ಏನನ್ನೂ ಬಿಡದೆ. ಮನೆಯಾಕೆ ನಕ್ಕಳು: ‘ಏನ್ರೀ, ಮಕ್ಕಳ ಕೈಲಿ ಬರೆಸೋದು ಸಾಲದೆ ನೀವೂ ಶುರು ಮಾಡಿದ್ರಾ?’ ನಾಲ್ಕನೆಯ ದಿನಕ್ಕೇ ಕಳ್ಳ ಸಿಕ್ಕಿಬಿದ್ದ. ನಾಷ್ಟಾ, ಊಟ ಎರಡೂ ಸರಿಯಾಗಿದ್ದವು. ತಪ್ಪಿದ್ದು ಲೆಕ್ಕಕ್ಕೆ ಬಾರದ್ದರಲ್ಲಿ. ಬೆಟ್ಟ ಇಳಿದ ಮೇಲೆ ಜೇಬಿನಿಂದ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ: ಮೂವತ್ತು ಗ್ರಾಂ, 170 ಕ್ಯಾಲರಿ. ಬೆಟ್ಟ ಉರಿಸಿದ್ದು 196! ಮೂರನೇ ಪೀರಿಯಡ್ ಮುಗಿದ ಮೇಲೆ ಯಾರದೋ ಹುಟ್ಟುಹಬ್ಬದ ಖಾರ-ಸಿಹಿ. ಮೊಮ್ಮಗಳು ತಟ್ಟೆಯಲ್ಲಿ ಬಿಟ್ಟ ದೋಸೆಯ ಚೂರು, ಅನ್ನ ಬಿಸಾಡಬಾರದಲ್ಲ. ಒಗ್ಗರಣೆಯ ಎಣ್ಣೆ ಕಣ್ಣಳತೆಯದು, ಐದು ಗ್ರಾಮಿನ ಚಮಚಕ್ಕೆ 45 ಕ್ಯಾಲರಿ. ‘ನನ್ನ ಕೈ ಅಳತೆ ತಪ್ಪಿಲ್ಲ’ ಎಂದು ಅವಳು ಮುನಿಸಿಕೊಂಡಳು. ಅಳೆದು ನೋಡಿದಾಗ ಇಬ್ಬರೂ ಸುಮ್ಮನಾದೆವು.

ದೇಹದ ಜಿಪುಣತನದ ಮೇಲೆ ಹೊರಿಸಿದ್ದ ಆಪಾದನೆಯಲ್ಲಿ ಹೆಚ್ಚಿನ ಪಾಲು ನನ್ನದೇ ಜೇಬಿನದು ಎಂದಾಯಿತು.

ಇನ್ನೊಂದು ಪಾಠ ಹೇಳಿದವರು ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಹಿರಿಯರೊಬ್ಬರು. ಎಪ್ಪತ್ತು ದಾಟಿದ್ದಾರೆ, ನನಗಿಂತ ಬೇಗ ಹತ್ತುತ್ತಾರೆ. ನಂದಿಯ ಬಳಿ ನನ್ನ ಗೋಳು ಕೇಳಿ, ‘ಮೇಷ್ಟ್ರೇ, ಎಂಟು ತಿಂಗಳಿಂದ ಒಂದೇ ದಾರಿ, ಒಂದೇ ನಡಿಗೆ. ಮೈಗೂ ಬೇಜಾರಾಗಿರುತ್ತೆ. ಬಸ್ಕಿ ಹೊಡೀರಿ’ ಎಂದರು.

‘ಈ ಮಂಡೀಲಾ ಯಜಮಾನರೇ?’

‘ಕಂಬ ಹಿಡ್ಕೊಂಡು ಹೊಡೀರಿ. ಗರಡೀಲಿ ನಮ್ಮ ಉಸ್ತಾದರು ಮೊದಲನೇ ದಿನ ಐದೇ ಹೊಡೆಸ್ತಿದ್ದಿದ್ದು.’

ಬೇಜಾರಿನ ಸಿದ್ಧಾಂತವನ್ನು ನಾನು ಒಪ್ಪುವುದಿಲ್ಲ. ಬಸ್ಕಿಯನ್ನು ಒಪ್ಪಿದೆ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ; ಅದಕ್ಕೆ ಕೆಲಸ ಕೊಟ್ಟರೆ ಉಳಿಯುತ್ತದೆ. ಸ್ನಾಯು ಬೆಳೆದರೆ ಕೂತಲ್ಲೇ ಕ್ಯಾಲರಿ ಸುಡುತ್ತದೆ ಎಂಬ ಮಾತು ಉತ್ಪ್ರೇಕ್ಷೆ. ಕಿಲೋಗೆ ದಿನಕ್ಕೆ ಹದಿನೈದರ ಒಳಗೇ. ಆದರೆ ರಕ್ತದ ಸಕ್ಕರೆಯನ್ನು ಒಳಕ್ಕೆಳೆದುಕೊಳ್ಳುವ ದೊಡ್ಡ ಉಗ್ರಾಣ ಅದೇ, ಮತ್ತು ನನಗೆ ಬೇಕಿದ್ದುದೂ ಅದೇ. ವಾರಕ್ಕೆ ಎರಡು ದಿನ ಬೆಟ್ಟ ಬಿಟ್ಟು ಮನೆಯ ಹಜಾರದಲ್ಲಿ ಬಸ್ಕಿ, ಗೋಡೆಗೆ ಒರಗಿ ದಂಡ. ಮುದ್ದೆಯ ಗಾತ್ರ ಇಳಿಯಿತು, ಹುರುಳಿ ಮತ್ತು ಮೊಳಕೆ ಕಾಳಿನ ಪಾಲು ಏರಿತು. ಗಿರಣಿಗೆ ನಡಿಗೆ. ತಕ್ಕಡಿಯನ್ನು ದಿನಾ ನೋಡಿದರೂ ಬರೆಯುವುದು ವಾರದ ಸರಾಸರಿ, ಏಕೆಂದರೆ ನೀರು, ಉಪ್ಪು, ಹಿಂದಿನ ರಾತ್ರಿಯ ಊಟ ಸೇರಿ ಒಂದು ಕಿಲೋ ಹೆಚ್ಚುಕಡಿಮೆ ಮಾಡಬಲ್ಲವು. ಸೊಂಟಕ್ಕೆ ಟೇಪು ಬೇರೆ.

ಮೊದಲ ಮೂರು ವಾರ ಏನೂ ಆಗಲಿಲ್ಲ. ಸೊಂಟ ಮಾತ್ರ ಎರಡು ಸೆಂಟಿಮೀಟರ್ ಇಳಿದಿತ್ತು. ನಾಲ್ಕನೆಯ ವಾರ 83.6. ಯುಗಾದಿಗೆ 82. ಶುರುವಿನಂತೆ ದಬದಬನೆ ಇಳಿಯುತ್ತಿಲ್ಲ; ಆಗ ಹೋದದ್ದರಲ್ಲಿ ನೀರೇ ಸಾಕಷ್ಟಿತ್ತು. ಈ ತಿಂಗಳು 80.5ರಲ್ಲಿ ಮತ್ತೆ ನಿಂತಿದೆ, ಎರಡು ವಾರವಾಯಿತು. ರೆಕಾರ್ಡ್ ಪುಸ್ತಕ ಮತ್ತೆ ಹೊರಗೆ ಬಂದಿದೆ.

ಮೊನ್ನೆ ಪರೀಕ್ಷೆಯಲ್ಲಿ ಸಕ್ಕರೆ 5.9 ಬಂತು. ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡೇ ಬೆಟ್ಟಕ್ಕೆ ಹೋದೆ. ಮೇಲೆ ದೇವಿಯ ಗುಡಿಯ ಮುಂದೆ ಸಾಲು ದೊಡ್ಡದಿತ್ತು. ಪಕ್ಕದ, ಅದಕ್ಕಿಂತ ಹಳೆಯದಾದ ಮಹಾಬಲೇಶ್ವರನ ಗುಡಿಯಲ್ಲಿ ಎಂದಿನಂತೆ ನಾಲ್ಕೇ ಜನ. ಅಲ್ಲಿ ಕೈಮುಗಿದು ಇಳಿದೆ. ಕೆಳಗೆ ಪಾದದ ಬಳಿ ಸೌತೆಕಾಯಿ ಮಾರುವಾಕೆ ಉಪ್ಪು ಖಾರ ಸವರಿ ಕೊಟ್ಟಳು. ತಂದೆ ಕೂರುತ್ತಿದ್ದ ಜಾಗದಲ್ಲೇ ಕುಳಿತು ತಿಂದೆ. ಆಷಾಢ ಬರುತ್ತಿದೆ; ಶುಕ್ರವಾರಗಳಲ್ಲಿ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಈ ಸಲ ಮೊದಲ ಶುಕ್ರವಾರ ರಜೆ ಹಾಕಿದ್ದೇನೆ.