ಪೆಟ್ಟಿಗೆ ಬಿಚ್ಚಿದ ಮೇಲೆ

ಯಲಹಂಕ ನ್ಯೂಟೌನ್. ಆಗಸ್ಟ್ ತಿಂಗಳ ಭಾನುವಾರ, ಮಧ್ಯಾಹ್ನ ಒಂದೂಕಾಲು. ಕರಾವಳಿ ಮೀನೂಟದ ಹೋಟೆಲಿನ ಹೊರಗೆ ಹೆಲ್ಮೆಟ್ ಹಿಡಿದವರು, ಮಗು ಎತ್ತಿಕೊಂಡವರು ಸರದಿ ಕಾಯುತ್ತಿದ್ದಾರೆ. ಬಾಗಿಲು ತೆರೆದಾಗಲೆಲ್ಲ ತೆಂಗಿನೆಣ್ಣೆ, ಹುರಿದ ಮೆಣಸಿನ ಘಾಟು ಒಟ್ಟಿಗೇ ಮೂಗಿಗೆ ಬಡಿಯುತ್ತದೆ. ಒಳಗೆ ಒಂದು ಟೇಬಲ್ ಖಾಲಿಯಾಯಿತು. ಹುಡುಗ ಒದ್ದೆ ಬಟ್ಟೆ ಎಳೆದು, ನೀರಿನ ಜಗ್ ಕುಕ್ಕಿ, ನಿಮಗೆ ಸನ್ನೆ ಮಾಡುತ್ತಾನೆ.

ಮೆನು ಕಾರ್ಡಿನಲ್ಲಿ ಅಂಜಲ್, ಮಾಂಜಿ, ಕಾಣೆ, ಬಂಗುಡೆ, ಸಿಗಡಿ, ಏಡಿ ಎಲ್ಲವೂ ಇವೆ. ಅದನ್ನು ಪಕ್ಕಕ್ಕಿಡಿ. ಗಲ್ಲಾದಲ್ಲಿ ಕೂತಿರುವ ಕುಂದಾಪುರ ಕಡೆಯ ಯಜಮಾನರನ್ನು ಕೇಳಿ: “ಇವತ್ತು ಏನು ಬಂದಿದೆ ಶೆಟ್ರೇ?”

“ಬಂಗ್ಡಿ ಲಾಯ್ಕ್ ಇತ್ತ್ ಮಾರಾಯ್ರೆ. ಕಾಣೆಯೂ ಇತ್ತ್. ಅಂಜಲ್ ಬ್ಯಾಡ, ಅದ್ ನಿನ್ನೆದ್.”

ಕಾರ್ಡಿನಲ್ಲಿ ಎಲ್ಲಕ್ಕಿಂತ ದುಬಾರಿ ಮೀನನ್ನೇ ಬೇಡ ಎನ್ನುವವರ ಮಾತಿಗೆ ಎದುರಾಡುವುದುಂಟೇ? ಬಂಗುಡೆ ಸಾರು, ಕಾಣೆ ಫ್ರೈ, ಕುಚ್ಚಲಕ್ಕಿ ಅನ್ನ ಹೇಳಿಬಿಡುತ್ತೀರಿ.

ಅಡುಗೆಮನೆಯ ಕಿಂಡಿಯಾಚೆ ಬಿಳಿ ಥರ್ಮೋಕೋಲ್ ಪೆಟ್ಟಿಗೆಗಳು ಒಂದರ ಮೇಲೊಂದು ಕೂತಿವೆ. ಮಲ್ಪೆಯಲ್ಲೋ ಗಂಗೊಳ್ಳಿಯಲ್ಲೋ ದಡ ಸೇರಿದ ಮೀನು ಮಂಜುಗಡ್ಡೆಯ ನಡುವೆ ಮಲಗಿ, ರಾತ್ರೋರಾತ್ರಿ ಘಾಟಿ ಹತ್ತಿ ಬೆಳಗ್ಗೆ ಇಲ್ಲಿ ಇಳಿಯಬೇಕು. ಮೊನ್ನೆ ಮೊನ್ನೆಯವರೆಗೆ ಅದಕ್ಕೂ ತಡೆ ಇತ್ತು. ಮೀನು ಮರಿ ಮಾಡುವ ಕಾಲವೆಂದು ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ. ಸಿಕ್ಕರೆ ನಾಡದೋಣಿಯ ಮೀನು ಮಾತ್ರ. ಪೂರ್ವ ಕರಾವಳಿಯ ರಜೆ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಮಂಗಳೂರಿಗೂ ಚೆನ್ನೈಗೂ ಹೆಚ್ಚುಕಮ್ಮಿ ಒಂದೇ ದೂರದಲ್ಲಿ, ಸುಮಾರು 350 ಕಿಲೋಮೀಟರಿನಾಚೆ ಕೂತ ಬೆಂಗಳೂರಿಗೆ ಇದರಿಂದ ಲಾಭವೇ: ಒಂದು ಕಡಲು ಬಾಗಿಲು ಹಾಕಿದಾಗ ಇನ್ನೊಂದು ತೆರೆದಿರುತ್ತದೆ. ಎರಡೂ ಒಟ್ಟಿಗೆ ಮುಚ್ಚುವುದು ಜೂನ್ ತಿಂಗಳ ಮೊದಲ ಎರಡು ವಾರ. “ಆಗ ಕೋಳಿ ತಿನ್ನಿ” ಎನ್ನುತ್ತಾರೆ ಶೆಟ್ರು.

ಕಾಣೆ ಬಂತು. ಕಾವಲಿಯಿಂದ ಇಳಿದದ್ದೇ ಬಾಳೆಲೆ ತುಂಡಿನ ಮೇಲೆ, ಇನ್ನೂ ಚುರುಗುಟ್ಟುತ್ತಿದೆ. ಬ್ಯಾಡಗಿ ಮೆಣಸಿನ ಮಸಾಲೆ ಅಂಚಿನಲ್ಲಿ ಕರಿದಾಗಿ ಗರಿಗರಿಯಾಗಿದೆ; ಬಣ್ಣ ನೋಡಿ ಹೆದರಬೇಕಿಲ್ಲ, ಕೆಂಪಿಗೆ ತಕ್ಕಷ್ಟು ಖಾರ ಅದರಲ್ಲಿಲ್ಲ. ಬೆರಳಿನಿಂದ ಬೆನ್ನುದ್ದಕ್ಕೂ ಮೆಲ್ಲಗೆ ಒತ್ತಿ. ಸಿಪ್ಪೆ ಬಿರಿದು ಬೆಳ್ಳಗಿನ ಮಾಂಸ ಎರಡು ಪಾಲಾಗುತ್ತದೆ. ಬಾಲ ಹಿಡಿದೆತ್ತಿದರೆ ನಡುವಿನ ಮುಳ್ಳು ಇಡಿಯಾಗಿ ಕೈಗೆ ಬರುತ್ತದೆ. ಪಕ್ಕದ ಟೇಬಲ್ಲಿನ ಅಜ್ಜಿ ಮೊಮ್ಮಗನಿಗೆ ಇದನ್ನೇ ಬಿಡಿಸಿ ಬಿಡಿಸಿ ಉಣ್ಣಿಸುತ್ತಿದ್ದಾರೆ.

ಬಂಗುಡೆಯದು ಬೇರೆ ಜಾತಿ. ದಪ್ಪ ಸಾರಿನೊಳಗೆ ಎರಡು ತುಂಡು, ಮೇಲೆ ಎಣ್ಣೆಯ ತೆಳು ಪದರ. ಅನ್ನಕ್ಕೆ ಕಲಸಿ ತುತ್ತು ಬಾಯಿಗಿಟ್ಟರೆ ಮೊದಲು ತೆಂಗಿನಕಾಯಿ, ಆಮೇಲೆ ಹುಣಸೆಹುಳಿ, ನುಂಗುವ ಹೊತ್ತಿಗೆ ನಾಲಿಗೆಯ ತುದಿ ಜುಮ್ಮೆನ್ನುತ್ತದೆ. ಅದು ಜುಮ್ಮನಕಾಯಿಯ ಕೆಲಸ. ಒಣಗಿದ ಅದರ ಸಿಪ್ಪೆಯನ್ನಷ್ಟೇ ಸಾರಿಗೆ ಹಾಕುತ್ತಾರೆ, ಒಳಗಿನ ಕರಿ ಬೀಜವನ್ನು ಎಸೆಯುತ್ತಾರೆ. ಬಂಗುಡೆಯ ಜಿಡ್ಡುವಾಸನೆಗೆ ಇದೇ ಮದ್ದು.

“ನಾಳೆಗೆ ಉಳಿದ್ರೆ ಇನ್ನೂ ರುಚಿ” ಎನ್ನುತ್ತಾರೆ ಸಾರು ಬಡಿಸುವವರು. ಕರಾವಳಿಯ ಮನೆಗಳಲ್ಲಿ ಹಿಂದಿನ ದಿನದ ಮೀನುಸಾರಿಗೆ ಬೆಳಗಿನ ನೀರುದೋಸೆ ಕಾದಿರುತ್ತದೆ. ದೂರದ ವೆನಿಸ್‌ನಲ್ಲೂ ಇಂಥದೇ ಲೆಕ್ಕ. ಅಲ್ಲಿ ಕರಿದ ಬೂತಾಯಿಯ ಜಾತಿಯ ಮೀನನ್ನು ವಿನೆಗರಿನಲ್ಲಿ ಬೇಯಿಸಿದ ಈರುಳ್ಳಿಯೊಂದಿಗೆ ಪದರ ಪದರವಾಗಿ ಜೋಡಿಸಿ, ಒಂದು ದಿನವಾದರೂ ಬಿಟ್ಟು ತಿನ್ನುತ್ತಾರೆ. ಆ ತಿನಿಸಿಗೆ ಸಾರ್ದೆ ಇನ್ ಸಾವೋರ್ ಎಂದು ಹೆಸರು. ಮೀನು ಕೆಡದಿರಲೆಂದು ನಾವಿಕರು ಕಂಡುಕೊಂಡ ಹುಳಿ ಅಲ್ಲಿ ಹಬ್ಬದೂಟವಾಗಿದೆ.

ಪುನರ್ಪುಳಿಯ ಕಡಿ ಕುಡಿದು ಕೈತೊಳೆದು ಗಲ್ಲಾಕ್ಕೆ ಬರುತ್ತೀರಿ. ಬುಧವಾರ ಮನೆಗೆ ನೆಂಟರು ಬರುತ್ತಾರೆ, ಹತ್ತು ಕಾಣೆ ಫ್ರೈ ಈಗಲೇ ಹೇಳಿಬಿಡಲೇ?

ಶೆಟ್ರು ಚಿಲ್ಲರೆ ಎಣಿಸುತ್ತಲೇ ತಲೆಯಾಡಿಸುತ್ತಾರೆ. “ಬುಧವಾರ ಹನ್ನೊಂದ್ ಗಂಟಿ ಮೇಲ್ ಫೋನ್ ಮಾಡಿ. ಪೆಟ್ಟಿಗಿ ಬಿಚ್ಚದೆ ನಾನ್ ಎಂತದೂ ಹೇಳುದಿಲ್ಲ.”