ಷರಾ ಕಾಲಂ ಇಲ್ಲದ ಅಂಕಪಟ್ಟಿ

ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ನಾನು ಆಡುವವನಲ್ಲ, ಪಕ್ಕದಲ್ಲಿ ಕೂತು ಸ್ಕೋರ್ ಬರೆಯುವವನು. ಹಾಗಾಗಿ ಹಳೆಯ ಅಂಕಪಟ್ಟಿಗಳನ್ನು ನೋಡುವುದು ನನಗೊಂದು ಚಟ. ಅಂಥ ಒಂದು ಪಟ್ಟಿಯ ಕೊನೆಯ ಸಾಲು ನನ್ನನ್ನು ಬಹಳ ದಿನ ಕಾಡಿತು.

ಅದು ಅಮೆರಿಕದ ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಲೀಗ್‌ನ 1948–49ರ ಪಟ್ಟಿ. ಒಂಬತ್ತು ತಂಡಗಳಲ್ಲಿ ಕೊನೆಯದು ಗೆದ್ದದ್ದು 16, ಸೋತದ್ದು 43. ತಂಡ ಒಂದೇ, ಆದರೆ ಊರು ಎರಡು: ಡೆಟ್ರಾಯಿಟ್ ಮತ್ತು ಡೇಟನ್. ಇದೇಕೆ ಹೀಗೆ ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಡೇಟನ್ ರೆನ್ಸ್ ಎಂಬ ತಂಡದ ಕಥೆ. ಆ ಹೆಸರಿನ ತಂಡ ಬದುಕಿದ್ದು ಒಂದು ಪೂರ್ತಿ ಸೀಸನ್ ಕೂಡ ಅಲ್ಲ.

ರೆನ್ಸ್ ಎಂದರೆ ರೆನೈಸಾನ್ಸ್. ನಾವು ಕನ್ನಡ ತರಗತಿಯಲ್ಲಿ ‘ನವೋದಯ’ ಎಂದು ಓದುತ್ತೇವಲ್ಲ, ಅದೇ ಪದ. ಆದರೆ ಈ ತಂಡಕ್ಕೆ ಹೆಸರು ಬಂದದ್ದು ಒಂದು ನೃತ್ಯಶಾಲೆಯಿಂದ. ಸೇಂಟ್ ಕಿಟ್ಸ್ ದ್ವೀಪದಿಂದ ನ್ಯೂಯಾರ್ಕ್‌ಗೆ ವಲಸೆ ಬಂದ ರಾಬರ್ಟ್ ಡಗ್ಲಸ್ ಎಂಬುವರು 1923ರಲ್ಲಿ ಕಪ್ಪು ಜನಾಂಗದ ಆಟಗಾರರನ್ನು ಸೇರಿಸಿ ವೃತ್ತಿಪರ ತಂಡ ಕಟ್ಟಿದರು. ಆಡಲು ಜಾಗ ಬೇಕಿತ್ತು. ಹಾರ್ಲೆಮ್‌ನ ರೆನೈಸಾನ್ಸ್ ನೃತ್ಯಶಾಲೆ ಜಾಗ ಕೊಟ್ಟಿತು, ಬದಲಿಗೆ ತಂಡ ಅದರ ಹೆಸರು ಇಟ್ಟುಕೊಂಡಿತು. ಕುಣಿಯುವ ನೆಲದ ಮೇಲೆಯೇ ಪಂದ್ಯ, ಪಂದ್ಯ ಮುಗಿದ ಮೇಲೆ ಅಲ್ಲಿಯೇ ಕುಣಿತ.

ಇವರು ಸಾಮಾನ್ಯರಲ್ಲ. 1932–33ರಲ್ಲಿ ಸತತ 88 ಪಂದ್ಯ ಗೆದ್ದರು. 1939ರಲ್ಲಿ ಷಿಕಾಗೋದಲ್ಲಿ ನಡೆದ ಮೊದಲ ವಿಶ್ವ ವೃತ್ತಿಪರ ಟೂರ್ನಿಯ ಫೈನಲ್‌ನಲ್ಲಿ ಬಿಳಿಯರ ಓಷ್‌ಕಾಷ್ ಆಲ್‌ಸ್ಟಾರ್ಸ್ ತಂಡವನ್ನು 34–25ರಿಂದ ಸೋಲಿಸಿದರು. ಆದರೂ ದೊಡ್ಡ ಲೀಗ್‌ಗಳು ಅವರನ್ನು ತಂಡವಾಗಿ ಒಳಗೆ ಸೇರಿಸಲಿಲ್ಲ. ಬಸ್ಸಿನಲ್ಲಿ ಊರೂರು ಸುತ್ತಿ ಆಡಬೇಕು. ಎಷ್ಟೋ ಕಡೆ ಹೋಟೆಲಿನಲ್ಲಿ ಕೋಣೆ ಕೊಡುತ್ತಿರಲಿಲ್ಲ, ಊಟ ಬಡಿಸುತ್ತಿರಲಿಲ್ಲ. ಬಸ್ಸಿನಲ್ಲೇ ತಿಂದು, ಬಸ್ಸಿನಲ್ಲೇ ಮಲಗಿ, ಸಂಜೆ ಅದೇ ಊರಿನ ಜನರ ಮುಂದೆ ಆಡುವುದು. ನಮ್ಮ ಮನೆಗಳಲ್ಲಿ ಹಿರಿಯರು ‘ಸಬರ್’ ಎನ್ನುತ್ತಾರಲ್ಲ, ಅದು ಸುಮ್ಮನೆ ಕೈಕಟ್ಟಿ ಕೂರುವುದಲ್ಲ ಎಂದು ನನಗೆ ಅರ್ಥವಾದದ್ದು ಇದನ್ನು ಓದಿದಾಗ.

ಕೊನೆಗೂ ಬಾಗಿಲು ತೆರೆದದ್ದು 1948ರ ಡಿಸೆಂಬರ್‌ನಲ್ಲಿ. ಡೆಟ್ರಾಯಿಟ್‌ನ ವ್ಯಾಗಬಾಂಡ್ ಕಿಂಗ್ಸ್ ತಂಡ ಸೀಸನ್ನಿನ ಮಧ್ಯದಲ್ಲಿ ಮುಚ್ಚಿಹೋಯಿತು. ಖಾಲಿಯಾದ ಜಾಗ ತುಂಬಲು ಲೀಗ್ ರೆನ್ಸ್ ತಂಡವನ್ನು ಕರೆಯಿತು. ಓಹಿಯೋ ರಾಜ್ಯದ ಡೇಟನ್, ಅಂದರೆ ವಿಮಾನ ಕಟ್ಟಿದ ರೈಟ್ ಸಹೋದರರ ಊರು, ಅವರ ನೆಲೆಯಾಯಿತು. ಬಿಳಿಯರ ದೊಡ್ಡ ಲೀಗ್‌ನಲ್ಲಿ ಪೂರ್ತಿ ಕಪ್ಪು ಆಟಗಾರರ ಮೊದಲ ತಂಡ ಇದು. ಆಡುತ್ತಲೇ ತರಬೇತಿಯನ್ನೂ ನೋಡಿಕೊಂಡ ಪಾಪ್ ಗೇಟ್ಸ್ ಅಂಥ ಲೀಗ್‌ನ ಮೊದಲ ಕಪ್ಪು ಕೋಚ್ ಆದರು.

ಆದರೆ ಜಾಗದ ಜೊತೆಗೆ ಹಳೆಯ ತಂಡದ ಲೆಕ್ಕವೂ ಇವರ ತಲೆಗೆ ಬಂತು. ಡೆಟ್ರಾಯಿಟ್ 19 ಪಂದ್ಯ ಆಡಿ ಗೆದ್ದದ್ದು ಎರಡೇ. ಆ 17 ಸೋಲುಗಳಲ್ಲಿ ಒಂದನ್ನೂ ರೆನ್ಸ್ ಆಡಿರಲಿಲ್ಲ. ಆಮೇಲೆ ತಾವು ಆಡಿದ 40 ಪಂದ್ಯಗಳಲ್ಲಿ 14 ಗೆದ್ದರು.

ಈಗ ಶೇಕಡಾವಾರು ತೆಗೆಯಿರಿ. ನಲವತ್ತಕ್ಕೆ ಹದಿನಾಲ್ಕು ಎಂದರೆ ನೂರಕ್ಕೆ 35. ಬಹುಕಾಲ ಪಾಸಿನ ಗೆರೆಯಾಗಿದ್ದ ಈ ಸಂಖ್ಯೆಯ ಬೆಲೆ ಪಿಯುಸಿ ಓದುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ! ಡೆಟ್ರಾಯಿಟ್‌ನ ಲೆಕ್ಕ ಕೂಡಿಸಿದರೆ ಅದು 27ಕ್ಕೆ ಇಳಿಯುತ್ತದೆ. ತಾವು ಬರೆದ ಉತ್ತರಕ್ಕೆ ಪಾಸಾದವರು ಬೇರೆಯವರ ಉತ್ತರಪತ್ರಿಕೆಯಿಂದ ಫೇಲಾದ ಹಾಗೆ.

35 ಕೂಡ ದೊಡ್ಡ ಅಂಕವೇನಲ್ಲ, ನಿಜ. ಹಲವು ಆಟಗಾರರ ಒಳ್ಳೆಯ ವಯಸ್ಸು ಕಳೆದಿತ್ತು. ಗೇಟ್ಸ್‌ಗೇ 31 ದಾಟಿತ್ತು. ಹತ್ತು ವರ್ಷ ಮೊದಲು, ಅವರು ಎಲ್ಲರನ್ನೂ ಸೋಲಿಸುತ್ತಿದ್ದಾಗ, ಕರೆದಿದ್ದರೆ ಪಟ್ಟಿ ಹೇಗಿರುತ್ತಿತ್ತೋ. ತಡವಾಗಿ ಬಾಗಿಲು ತೆರೆದವರ ತಪ್ಪು ಒಳಗೆ ಬಂದವರ ಹೆಸರಿನ ಮುಂದೆ ಸೋಲಾಗಿ ದಾಖಲಾಯಿತು.

1949ರ ಆಗಸ್ಟ್‌ನಲ್ಲಿ ಈ ಲೀಗ್ ಇನ್ನೊಂದು ಲೀಗ್ ಜೊತೆ ಸೇರಿ ಇಂದಿನ ಎನ್‌ಬಿಎ ಆಯಿತು. ಹೊಸ ಲೀಗ್‌ನ 17 ತಂಡಗಳಲ್ಲಿ ಡೇಟನ್ ರೆನ್ಸ್ ಇರಲಿಲ್ಲ. ಮರುವರ್ಷ, 1950ರಲ್ಲಿ, ಎನ್‌ಬಿಎಗೆ ಮೊದಲ ಕಪ್ಪು ಆಟಗಾರರು ಬಂದರು. ಅವರಲ್ಲಿ ನ್ಯಾಟ್ ಕ್ಲಿಫ್ಟನ್ ಹಿಂದೆ ನ್ಯೂಯಾರ್ಕ್ ರೆನ್ಸ್‌ಗೆ ಆಡಿದ್ದವರು. ಡೇಟನ್‌ನಲ್ಲಿ ಆಡಿದ್ದ ಹ್ಯಾಂಕ್ ಡಿಝೋನಿಗೆ ಸಿಕ್ಕಿದ್ದು ಐದೇ ಪಂದ್ಯ. ಪಾಪ್ ಗೇಟ್ಸ್‌ಗೆ ಬ್ಯಾಸ್ಕೆಟ್‌ಬಾಲ್‌ನ ಹಾಲ್ ಆಫ್ ಫೇಮ್ ಗೌರವ ಸಿಗಲು 1989 ಆಗಬೇಕಾಯಿತು.

ಹಾಗೆಂದು ಅಂಕಪಟ್ಟಿ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಸ್ಕೋರ್ ಬರೆಯುವವನು ಹಾಗೆ ಹೇಳಲೂ ಬಾರದು. 16–43 ಸರಿಯಾದ ಲೆಕ್ಕವೇ. ನಮ್ಮ ಕಚೇರಿಯ ರಿಜಿಸ್ಟರುಗಳಲ್ಲಿ ಕೊನೆಗೆ ‘ಷರಾ’ ಎಂಬ ಕಾಲಂ ಇರುತ್ತದೆ. ಆ ಪಟ್ಟಿಯಲ್ಲಿ ಅದೊಂದು ಇರಲಿಲ್ಲ. ಇದ್ದಿದ್ದರೆ ನಾನು ಇಷ್ಟೇ ಬರೆಯುತ್ತಿದ್ದೆ: ಡಿಸೆಂಬರ್‌ನಲ್ಲಿ ಸೇರಿದರು, ಮೊದಲ 17 ಸೋಲು ಇವರದಲ್ಲ.